ಬರ ಅಳೆಯಲು ಯಾವ ಅಳತೆ ಸರಿ? ಮಳೆ ಲೆಕ್ಕದಿಂದ ಬೋರ್‌ವೆಲ್‌ವರೆಗೆ ಒಂದು ಹೋಲಿಕೆ

2023ರ ಮುಂಗಾರನ್ನು ಒಮ್ಮೆ ನೆನೆಸಿಕೊಳ್ಳಿ. ಜೂನ್‌ನಲ್ಲಿ ರಾಜ್ಯಕ್ಕೆ ವಾಡಿಕೆಗಿಂತ ಶೇ. 56ರಷ್ಟು ಕಮ್ಮಿ ಮಳೆ. ಜುಲೈನಲ್ಲಿ ಶೇ. 29ರಷ್ಟು ಜಾಸ್ತಿ. ಬಿತ್ತನೆ ಜೋರಾಯಿತು, ಮೇಲುಗೊಬ್ಬರ ಹಾಕಿದರು, ಪೈರು ಎದ್ದು ನಿಂತಿತು. ಆಮೇಲೆ ಆಗಸ್ಟ್ ಬಂತು. ಕೊರತೆ ಶೇ. 73. ಇಡೀ ದೇಶದಲ್ಲೇ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ದಾಖಲಾಗಿರಲಿಲ್ಲ. ಸೆಪ್ಟೆಂಬರ್ ಕೊನೆಗೆ ನಾಲ್ಕೂ ತಿಂಗಳು ಕೂಡಿಸಿದಾಗ ರಾಜ್ಯದ ಕೊರತೆ ಶೇ. 25ರ ಆಸುಪಾಸಿಗೆ ಬಂದು ನಿಂತಿತು.

ಈ ಅಂಕಿಗಳೆಲ್ಲ ಸರಿಯೇ. ಆದರೆ ಬೇರೆಬೇರೆ ಜನಕ್ಕೆ ಬೇರೆಬೇರೆ ಕಥೆ ಹೇಳುತ್ತವೆ. ಜುಲೈನಲ್ಲಿ ಬಿತ್ತಿದ ಮೆಕ್ಕೆಜೋಳದ ರೈತನ ಬದುಕನ್ನು ತೀರ್ಮಾನಿಸಿದ್ದು ಆಗಸ್ಟಿನ ಶೇ. 73. ಕಾವೇರಿ ನಾಲೆಯ ಕೊನೆಯಲ್ಲಿ ಭತ್ತ ಹಾಕಲು ಕಾದವನಿಗೆ ಬೇಕಿದ್ದದ್ದು ಕೊಡಗಿನ ಮಳೆ ಮತ್ತು ಕೆಆರ್‌ಎಸ್ ಮಟ್ಟ. ಬೆಂಗಳೂರಿನ ಹೊರವಲಯದ ಮನೆಯವರಿಗೆ ಆ ಬರ ಮುಟ್ಟಿದ್ದು ಆರು ತಿಂಗಳಾದ ಮೇಲೆ, 2024ರ ಮಾರ್ಚ್‌ನಲ್ಲಿ. 2023ರಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಅಧಿಕ ಶ್ರಾವಣವೂ ಇತ್ತು. ಬರಗಾಲದಲ್ಲಿ ಅಧಿಕ ಮಾಸ ಎಂಬ ಮಾತು ಪಂಚಾಂಗದಲ್ಲೇ ನಿಜವಾದ ವರ್ಷ ಅದು.

ಹಾಗಾಗಿ "ಬರ ಎಷ್ಟಿದೆ?" ಅಂತ ಕೇಳುವ ಮೊದಲು "ಯಾರ ನೀರು ತಪ್ಪಿದೆ? ನಾನು ಈಗ ಏನು ತೀರ್ಮಾನ ಮಾಡಬೇಕು?" ಅಂತ ಕೇಳಿಕೊಳ್ಳಬೇಕು. ಅಳತೆ ಆರಿಸುವುದು ಅಲ್ಲಿಂದ ಶುರು.

ಬರ ಬರುವ ಕ್ರಮ

ಬರವನ್ನು ಸಾಮಾನ್ಯವಾಗಿ ನಾಲ್ಕಾಗಿ ನೋಡುತ್ತಾರೆ. ಮಳೆ ತಪ್ಪುವುದು ಮೊದಲನೆಯದು. ಮಣ್ಣಿನ ತೇವ ಆರಿ ಬೆಳೆ ಒಣಗುವುದು ಎರಡನೆಯದು. ಕೆರೆ, ಹೊಳೆ, ಡ್ಯಾಂ, ಅಂತರ್ಜಲ ಬತ್ತುವುದು ಮೂರನೆಯದು. ಕೂಲಿ, ಮೇವು, ಕುಡಿಯುವ ನೀರು, ಸಾಲ ಎಂದು ಮನೆಯೊಳಗೆ ನುಗ್ಗುವುದು ನಾಲ್ಕನೆಯದು.

ಇವು ಒಂದರ ಹಿಂದೆ ಒಂದು ಬರುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ಬಹಳ ಸಲ ಹಾಗೇ ಆಗುತ್ತದೆ. ಆದರೆ ಬಯಲುಸೀಮೆಯಲ್ಲಿ ಇನ್ನೊಂದು ನಡೆಯುತ್ತದೆ. ಮುಂಗಾರು ಪೂರ್ತಿ ಸೋನೆಯಂತೆ ಹದವಾಗಿ ಬಂದರೆ ರಾಗಿ, ಅವರೆ, ಹುರುಳಿ ಚೆನ್ನಾಗಿ ಬರುತ್ತವೆ. ಕೆರೆಗೆ ಮಾತ್ರ ಒಂದು ಬೊಗಸೆ ನೀರೂ ಹರಿಯುವುದಿಲ್ಲ. ಬಿದ್ದದ್ದನ್ನೆಲ್ಲ ಮಣ್ಣೇ ಕುಡಿದಿರುತ್ತದೆ. ಇನ್ನೊಂದು ವರ್ಷ ತಿಂಗಳುಗಟ್ಟಲೆ ಒಣಗಿಸಿ, ಬೆಳೆ ಹೋದ ಮೇಲೆ ಅಕ್ಟೋಬರ್‌ನಲ್ಲಿ ನಾಲ್ಕೇ ರಾತ್ರಿ ಧಾರಾಕಾರ ಸುರಿಯುತ್ತದೆ. ಕೆರೆ ಕೋಡಿ ಬೀಳುತ್ತದೆ, ಕಣದಲ್ಲಿ ಕಾಳಿಲ್ಲ. ಮೊದಲ ವರ್ಷ ನೀರಿನ ಬರ, ಎರಡನೇ ವರ್ಷ ಬೆಳೆಯ ಬರ. ಎರಡೂ ವರ್ಷದ ಒಟ್ಟು ಮಳೆ ಮಾತ್ರ ಹೆಚ್ಚುಕಮ್ಮಿ ಒಂದೇ ಇರಬಹುದು. ಒಂದೇ ಅಳತೆ ಇಟ್ಟುಕೊಂಡು ಬರ ಹೇಳಲು ಹೋದರೆ ಏಕೆ ಎಡವುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಶೇಕಡಾ ಕೊರತೆಯೋ, ಒಣ ವಾರಗಳೋ?

ಪತ್ರಿಕೆಯಲ್ಲಿ ದಿನವೂ ಕಾಣುವುದು ಶೇಕಡಾ ಲೆಕ್ಕ. ಹವಾಮಾನ ಇಲಾಖೆ ವಾಡಿಕೆಗಿಂತ ಶೇ. 19 ಹೆಚ್ಚುಕಮ್ಮಿ ಆದರೂ ಅದನ್ನು ವಾಡಿಕೆ ಮಳೆ ಎಂದೇ ಬರೆಯುತ್ತದೆ. ಶೇ. 20ರಿಂದ 59 ಕಮ್ಮಿಯಾದರೆ ಕೊರತೆ, ಶೇ. 60 ದಾಟಿದರೆ ತೀವ್ರ ಕೊರತೆ. ಲೆಕ್ಕ ಸುಲಭ, ಯಾರಿಗಾದರೂ ಅರ್ಥವಾಗುತ್ತದೆ, ಅಂಕಿ ಅದೇ ದಿನ ಸಿಗುತ್ತದೆ. ಇದರ ಒಳ್ಳೆಯ ಗುಣವೆಲ್ಲ ಇಷ್ಟೇ.

ಕೆಟ್ಟ ಗುಣ ನೋಡಲು ಒಂದು ಕಾಲ್ಪನಿಕ ತಾಲೂಕು ತೆಗೆದುಕೊಳ್ಳಿ. ವಾಡಿಕೆ ಮಳೆ ಜೂನ್‌ನಲ್ಲಿ 80 ಮಿ.ಮೀ., ಜುಲೈನಲ್ಲಿ 90, ಆಗಸ್ಟ್‌ನಲ್ಲಿ 100, ಸೆಪ್ಟೆಂಬರ್‌ನಲ್ಲಿ 130. ಒಟ್ಟು 400. ಈ ವರ್ಷ ಬಂದದ್ದು 76, 130, 14, 130. ಒಟ್ಟು 350. ಕೊರತೆ ಶೇ. 12.5 ಮಾತ್ರ. ಕಾಗದದ ಮೇಲೆ ಇದು ವಾಡಿಕೆ ಮಳೆ. ಆದರೆ ಆಗಸ್ಟ್‌ನಲ್ಲಿ 14 ಮಿ.ಮೀ. ನಂಬಿಕೊಂಡು ಸೂಲಂಗಿ ಹೊತ್ತಿನಲ್ಲಿದ್ದ ಮೆಕ್ಕೆಜೋಳ ಉಳಿಯುತ್ತದಾ? ತೆನೆಯಲ್ಲಿ ಕಾಳು ಕಟ್ಟುವುದೇ ಇಲ್ಲ. ಸೆಪ್ಟೆಂಬರ್ ಮಳೆಗೆ ದಂಟು ಮತ್ತೆ ಹಸಿರಾಗುತ್ತದೆ, ಅಷ್ಟೇ.

ಇದಕ್ಕೇ ಡ್ರೈ ಸ್ಪೆಲ್ ಲೆಕ್ಕ ಬೇಕಾಗುತ್ತದೆ. ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಇದನ್ನೂ ನೋಡಬೇಕು ಎನ್ನುತ್ತದೆ. ಮುಂಗಾರು ಶುರುವಾಗಬೇಕಾದ ದಿನ ದಾಟಿದ ಮೇಲೆ ಸತತ ಮೂರು ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಮ್ಮಿ ಮಳೆ ಬಂದರೆ ಅದು ಡ್ರೈ ಸ್ಪೆಲ್. ಬೇಗ ಆರುವ ಮಣ್ಣಿಗೆ ಮೂರು ವಾರವೇ ಸಾಕು.

ನಮ್ಮ ಮಳೆ ನಕ್ಷತ್ರಗಳ ಲೆಕ್ಕವೂ ಇದಕ್ಕೆ ಹತ್ತಿರವೇ ಇದೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ. ಎರಡು ಮಳೆ ಸಾಲಾಗಿ ಕೈಕೊಟ್ಟರೆ ನಾಲ್ಕು ವಾರ. 2023ರಲ್ಲಿ ಆದದ್ದು ಅದೇ. ಆಶ್ಲೇಷ, ಮಘೆ ಎರಡೂ ರಾಜ್ಯದ ಬಹುತೇಕ ಕಡೆ ಹೋದವು. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎನ್ನುವ ಹಿರಿಯರಿಗೆ ಆ ಹದಿನಾಲ್ಕು ದಿನದ ಬೆಲೆ ಗೊತ್ತಿತ್ತು. ಮುಂಗಾರಿನ ಪೈರು ಹೂವು ತೆನೆಗೆ ಬರುವ ಹೊತ್ತು ಅದು.

ಡ್ರೈ ಸ್ಪೆಲ್ ಲೆಕ್ಕಕ್ಕೂ ಒಂದು ತೊಡಕಿದೆ. ವಾರದ ವಾಡಿಕೆ 25 ಮಿ.ಮೀ. ಇರುವ ಕಡೆ ಸತತ ವಾರಗಳಲ್ಲಿ 9, 4, 0, 11 ಮಿ.ಮೀ. ಬಂತು ಅನ್ನಿ. ನಾಲ್ಕೂ ಒಣ ವಾರ. ಆದರೆ ಮೂರನೇ ವಾರ ಒಂದು ಸಂಜೆ 13 ಮಿ.ಮೀ. ಬಿದ್ದುಬಿಟ್ಟರೆ ಎಣಿಕೆ ಮುರಿಯುತ್ತದೆ, ಮತ್ತೆ ಒಂದರಿಂದ ಶುರು. ಹದಿನೈದು ದಿನ ಕಾದು ಬೆಂದ ಕೆಂಪು ಮಣ್ಣಿಗೆ 13 ಮಿ.ಮೀ. ಏನೂ ಅಲ್ಲ. ಮೇಲಿನ ಎರಡು ಮೂರು ಬೆರಳು ನೆನೆದು ಮಾರನೇ ಮಧ್ಯಾಹ್ನಕ್ಕೆ ಆರುತ್ತದೆ. ಇಂಥ ಕಡೆ ಮಳೆಮಾಪಕದ ಪಕ್ಕದಲ್ಲೇ ಮಣ್ಣನ್ನೂ ನೋಡಬೇಕು.

ಇಷ್ಟಾದರೂ ಮಳೆಯಾಶ್ರಿತ ಬೇಸಾಯಕ್ಕೆ ಒಂದೇ ಒಂದು ಅಳತೆ ಆರಿಸಿ ಅಂದರೆ ನಾನು ಡ್ರೈ ಸ್ಪೆಲ್ಲನ್ನೇ ಆರಿಸುತ್ತೇನೆ. ಋತುವಿನ ಒಟ್ಟು ಶೇಕಡಾ ಕೊರತೆ ಋತು ಮುಗಿದ ಮೇಲೆ ಮಾತಾಡುತ್ತದೆ. ಒಣ ವಾರಗಳ ಲೆಕ್ಕ ಮೂರನೇ ವಾರಕ್ಕೇ ಎಚ್ಚರಿಸುತ್ತದೆ.

ಈ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶ ಎಂಬ ಹೆಸರಿನಲ್ಲಿ ಶುರುವಾಯಿತು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದರ ತಾನೇ ಅಂಕಿ ಕಳಿಸುವ ಮಳೆಮಾಪಕಗಳಿವೆ, 6,000ಕ್ಕೂ ಜಾಸ್ತಿ. ಪ್ರತಿ 15 ನಿಮಿಷಕ್ಕೆ ಅಂಕಿ ಹೋಗುತ್ತದೆ. ನಿಮ್ಮ ಪಂಚಾಯಿತಿಯ ಮಳೆ ಎಷ್ಟು ಎಂದು ಅದರ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಆದರೂ ಪಂಚಾಯಿತಿಗೆ ಒಂದೇ ಮಾಪಕ. ಅದಿರುವ ಊರಿಗೆ ಮಳೆ ಬಿದ್ದು, ಎರಡು ಮೈಲಿ ಆಚೆಯ ನಿಮ್ಮ ಹೊಲ ಒಣಗಿಯೇ ಉಳಿಯಬಹುದು. ಅದಕ್ಕೇ ಮನೆಯಲ್ಲೂ ಒಂದು ಮಾಪಕ ಇರಲಿ. ಗೋಡೆ ನೆಟ್ಟಗಿರುವ, ತಳವೂ ಬಾಯೂ ಒಂದೇ ಅಗಲದ ಡಬ್ಬಿ ಸಾಕು. ಮರ, ಸೂರಿನಿಂದ ದೂರ ಇಡಿ. ದಿನವೂ ಬೆಳಗ್ಗೆ ಎಂಟೂವರೆಗೆ ಸ್ಕೇಲ್ ಇಳಿಸಿ ನೋಡಿ ಬರೆದಿಟ್ಟುಕೊಳ್ಳಿ. ಇಲಾಖೆಯ ಮಳೆ ದಿನ ಶುರುವಾಗುವುದೂ ಎಂಟೂವರೆಗೇ, ಹಾಗಾಗಿ ಎರಡನ್ನೂ ಹೋಲಿಸಲು ಬರುತ್ತದೆ.

ಎಸ್‌ಪಿಐ, ಎಸ್‌ಪಿಇಐ, ಪಾಮರ್: ಯಾರಿಗೆ ಬೇಕು?

ಉಡುಪಿಯಲ್ಲಿ ಶೇ. 30 ಮಳೆ ಕಮ್ಮಿಯಾಯಿತು, ಚಳ್ಳಕೆರೆಯಲ್ಲೂ ಶೇ. 30 ಕಮ್ಮಿಯಾಯಿತು. ಎರಡೂ ಒಂದೇನಾ? ಕರಾವಳಿಯಲ್ಲಿ ಅಷ್ಟು ಕಮ್ಮಿಯಾದರೂ ಮುಂಗಾರಲ್ಲಿ 2,000 ಮಿ.ಮೀ. ಮೇಲೆಯೇ ಸುರಿದಿರುತ್ತದೆ. ಆದರೆ ಅಲ್ಲಿ ಅಷ್ಟು ಕೊರತೆ ಅಪರೂಪ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯ ಚಳ್ಳಕೆರೆಯಲ್ಲಿ ಶೇ. 30 ಏರುಪೇರು ಆಗಾಗ ಆಗುವಂಥದ್ದೇ. "ಈ ಜಾಗಕ್ಕೆ ಇದು ಎಷ್ಟು ಅಪರೂಪ?" ಎನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಎಸ್‌ಪಿಐ ಎಂಬ ಮಳೆ ಸೂಚ್ಯಂಕ.

ಇದನ್ನು 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಮೆಕೀ ಮತ್ತು ಜೊತೆಗಾರರು ಮುಂದಿಟ್ಟರು. 2009ರಲ್ಲಿ ಲಿಂಕನ್ ನಗರದ ಸಭೆಯಲ್ಲಿ, ಎಲ್ಲ ದೇಶಗಳ ಹವಾಮಾನ ಇಲಾಖೆಗಳೂ ಮಳೆಯ ಬರಕ್ಕೆ ಇದನ್ನೇ ಬಳಸಲಿ ಎಂದು ತಜ್ಞರು ಸಲಹೆ ಕೊಟ್ಟರು. ಕನಿಷ್ಠ 30 ವರ್ಷದ ಮಳೆ ಅಂಕಿ ಇಟ್ಟುಕೊಂಡು, ಈ ವರ್ಷದ ಮಳೆ ನಡುವಿನಿಂದ ಎಷ್ಟು ದೂರ ಸರಿದಿದೆ ಎಂದು ಅಳೆಯುತ್ತಾರೆ. ಸೊನ್ನೆ ಅಂದರೆ ಸಾಮಾನ್ಯ. ಮೈನಸ್ 1ರಿಂದ ಮಧ್ಯಮ ಬರ, ಮೈನಸ್ 1.5ರಿಂದ ತೀವ್ರ, ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಅತಿ ತೀವ್ರ. ಮೈನಸ್ 2 ಅಂದರೆ ನೂರು ವರ್ಷದಲ್ಲಿ ಎರಡು ಸಲ ಬರುವಂಥದ್ದು ಎಂದುಕೊಳ್ಳಿ.

ಇದರ ದೊಡ್ಡ ಅನುಕೂಲ ಅವಧಿ ಬದಲಿಸಿಕೊಳ್ಳಬಹುದು ಎನ್ನುವುದು. ಒಂದರಿಂದ ಮೂರು ತಿಂಗಳ ಎಸ್‌ಪಿಐ ಬೆಳೆಯ ಮಾತಾಡುತ್ತದೆ. ಆರರಿಂದ ಹನ್ನೆರಡು ತಿಂಗಳದ್ದು ಹೊಳೆ, ಡ್ಯಾಂಗಳ ಕಡೆ ತೋರಿಸುತ್ತದೆ. ಅಂತರ್ಜಲಕ್ಕೆ ಹನ್ನೆರಡರಿಂದ ಇಪ್ಪತ್ನಾಲ್ಕು ತಿಂಗಳು. ಹಾಗಾಗಿ ಯಾರಾದರೂ ಬರೀ "ಎಸ್‌ಪಿಐ ಮೈನಸ್ 1.3" ಅಂದರೆ "ಎಷ್ಟು ತಿಂಗಳದ್ದು?" ಅಂತ ಕೇಳಲೇಬೇಕು. ಅದಿಲ್ಲದೆ ಆ ಅಂಕಿಗೆ ಅರ್ಥವಿಲ್ಲ.

ಎಸ್‌ಪಿಐ ಲೆಕ್ಕ ಬರದಿದ್ದರೂ ಚಿಂತೆಯಿಲ್ಲ. 30 ವರ್ಷದ ಜೂನ್–ಸೆಪ್ಟೆಂಬರ್ ಮಳೆಯನ್ನು ಕಮ್ಮಿಯಿಂದ ಜಾಸ್ತಿಗೆ ಸಾಲಾಗಿ ಬರೆಯಿರಿ. ಈ ವರ್ಷದ್ದು ಕೆಳಗಿನ ಮೂರರಲ್ಲಿ ಬಿದ್ದರೆ ಹತ್ತು ವರ್ಷಕ್ಕೊಮ್ಮೆ ಬರುವ ಬರ. ಊರಿನ ಮಟ್ಟಕ್ಕೆ ಇಷ್ಟು ಸಾಕು.

ಒಂದು ಎಚ್ಚರಿಕೆ. ಜನವರಿಯಿಂದ ಮಾರ್ಚ್‌ವರೆಗೆ ಇಂಥ ಲೆಕ್ಕ ನಂಬಬೇಡಿ. ವಾಡಿಕೆ ಮಳೆಯೇ ಮೂರು ನಾಲ್ಕು ಮಿ.ಮೀ. ಇರುವ ತಿಂಗಳಲ್ಲಿ ಸೊನ್ನೆ ಬಂದರೆ "ಶೇ. 100 ಕೊರತೆ" ಎಂದು ಸುದ್ದಿಯಾಗುತ್ತದೆ. ಹೊಲಕ್ಕೆ ಅದರಿಂದ ಏನೂ ವ್ಯತ್ಯಾಸವಿಲ್ಲ.

ಎಸ್‌ಪಿಐಗೆ ಬಿಸಿಲು ಕಾಣುವುದಿಲ್ಲ. ಅಷ್ಟೇ ಮಳೆ ಬಿದ್ದರೂ ಬಿಸಿಲು ಜಾಸ್ತಿಯಾದರೆ ನೀರು ಬೇಗ ಆರಿಹೋಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯುವುದು 2010ರಲ್ಲಿ ಸ್ಪೇನಿನ ವಿಜ್ಞಾನಿಗಳು ತಂದ ಎಸ್‌ಪಿಇಐ. ಅಡಿಕೆ, ತೆಂಗು, ಕಾಫಿಯಂಥ ಬೇಸಿಗೆ ದಾಟಬೇಕಾದ ಬೆಳೆ ಇರುವವರಿಗೆ ಎಸ್‌ಪಿಐಗಿಂತ ಇದೇ ಮೇಲು. 2024ರ ಬೇಸಿಗೆಯಲ್ಲಿ ತೋಟದವರು ಪಟ್ಟ ಪಾಡಿಗೆ ಹಿಂದಿನ ಮಳೆ ಕೊರತೆ ಅರ್ಧ ಕಾರಣವಾದರೆ ಬಿಸಿಲು ಇನ್ನರ್ಧ. ಆದರೆ ಇದಕ್ಕೆ ಉಷ್ಣಾಂಶದ ಅಂಕಿಯೂ ಬೇಕು. ಮಳೆಮಾಪಕ ಇರುವಷ್ಟು ಕಡೆ ಅದು ಸಿಗುವುದಿಲ್ಲ.

ಮಳೆ, ಬಿಸಿಲು, ಮಣ್ಣಿನ ತೇವ ಕೂಡಿಸಿ ಲೆಕ್ಕ ಹಾಕುವ ಪಾಮರ್ ಸೂಚ್ಯಂಕ 1965ರದ್ದು, ಅಮೆರಿಕದ ಹೊಲಗಳಿಗಾಗಿ ಕಟ್ಟಿದ್ದು. ನಿಧಾನವಾಗಿ ಏರಿ ಇಳಿಯುತ್ತದೆ. ನಾಲ್ಕೇ ವಾರದಲ್ಲಿ ಬೆಳೆ ಕೊಲ್ಲುವ ನಮ್ಮ ಮುಂಗಾರಿಗೆ ಅದು ಒಗ್ಗುವುದಿಲ್ಲ. ಓದುವ ಮಕ್ಕಳಿಗೆ ಗೊತ್ತಿದ್ದರೆ ಸಾಕು.

ಮಣ್ಣಿನ ತೇವ ಮತ್ತು ಉಪಗ್ರಹದ ಕಣ್ಣು

ಬೆಳೆಯ ಬರ ಅಳೆಯಲು ಎರಡು ದಾರಿ. ಬೇರಿನ ಹತ್ತಿರ ನೀರೆಷ್ಟಿದೆ ಎಂದು ನೋಡುವುದು ಒಂದು. ಮೇಲಿಂದ ಎಲೆ ಎಷ್ಟು ಹಸಿರಾಗಿದೆ ಎಂದು ನೋಡುವುದು ಇನ್ನೊಂದು.

ಮೊದಲನೆಯದಕ್ಕೆ ತೇವಾಂಶ ಸೂಚ್ಯಂಕ ಇದೆ. ಪೈರಿಗೆ ಬೇಕಾದ ನೀರಿನಲ್ಲಿ ಎಷ್ಟು ಪಾಲು ಸಿಗುತ್ತಿದೆ ಎಂಬ ಲೆಕ್ಕ ಇದು. 76ರಿಂದ 100 ಇದ್ದರೆ ತೊಂದರೆಯಿಲ್ಲ. 51ರಿಂದ 75 ಸ್ವಲ್ಪ ಬರ, 26ರಿಂದ 50 ಮಧ್ಯಮ, 25 ಮತ್ತು ಅದಕ್ಕಿಂತ ಕೆಳಗೆ ತೀವ್ರ. ಮಳೆಯ ಅಂಕಿ ಒಂದೇ ಇದ್ದರೂ ಮಣ್ಣು ಬದಲಾದರೆ ಈ ಅಂಕಿ ಬದಲಾಗುತ್ತದೆ. ಅದೇ ಇದರ ದೊಡ್ಡತನ. ಮೂರು ವಾರ ಮಳೆ ಇಲ್ಲದಿದ್ದರೆ ಪಾವಗಡದ ಕೆಂಪು ಮಣ್ಣಿನ ಶೇಂಗಾ ಕುಸಿಯುತ್ತದೆ. ವಿಜಯಪುರದ ಎರೆ ಹೊಲ ಅಷ್ಟು ದಿನ ತಡೆದುಕೊಳ್ಳುತ್ತದೆ. ಹಿಂಗಾರಿ ಜೋಳವಂತೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರೆ ಮಣ್ಣು ಕುಡಿದಿಟ್ಟ ಹಸಿಯ ಮೇಲೇ ಬೆಳೆಯುತ್ತದೆ. ಆ ಬೆಳೆಗೆ ಡಿಸೆಂಬರಿನ ಮಳೆ ಲೆಕ್ಕ ನೋಡುತ್ತಾ ಕೂರುವುದು ವ್ಯರ್ಥ. ಬಿತ್ತುವಾಗ ಹಸಿ ಎಷ್ಟು ಆಳ ಇತ್ತು ಅನ್ನುವುದೇ ಮುಖ್ಯ.

ಹೊಲದಲ್ಲೇ ನೋಡುವುದು ಕಷ್ಟವೇನಲ್ಲ. ಒಂದು ಗೇಣು ಆಳಕ್ಕೆ ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಂತರೆ ತೇವ ಇದೆ. ಕೈ ಬಿಟ್ಟ ಕೂಡಲೇ ಉದುರಿದರೆ ಆರುತ್ತಿದೆ. ಪೈರಿನ ಎಲೆಯೂ ಹೇಳುತ್ತದೆ. ಜೋಳ, ಮೆಕ್ಕೆಜೋಳದ ಎಲೆ ಮಧ್ಯಾಹ್ನದ ಬಿಸಿಲಿಗೆ ಸುರುಳಿ ಸುತ್ತಿ ಸಂಜೆಗೆ ಬಿಚ್ಚಿಕೊಂಡರೆ ಪೈರು ಇನ್ನೂ ತಾಳುತ್ತಿದೆ. ಬೆಳಗ್ಗೆ ಆರು ಗಂಟೆಗೂ ಸುರುಳಿ ಬಿಚ್ಚಿಲ್ಲ ಅಂದರೆ ಬೇರಿಗೆ ನೀರು ಸಿಗುತ್ತಿಲ್ಲ. ಉಪಗ್ರಹಕ್ಕೆ ಇದು ಗೊತ್ತಾಗುವ ಹೊತ್ತಿಗೆ ಇನ್ನೂ ಹಲವು ದಿನ ಕಳೆದಿರುತ್ತದೆ.

ಉಪಗ್ರಹ ಕೆಲಸ ಮಾಡುವುದು ಹೀಗೆ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ವಾಪಸ್ ಕಳಿಸುತ್ತದೆ. ಇವೆರಡರ ವ್ಯತ್ಯಾಸದಿಂದ ಎನ್‌ಡಿವಿಐ ಎಂಬ ಹಸಿರಿನ ಅಂಕಿ ತೆಗೆಯುತ್ತಾರೆ. ಒಂದು ತಾಲೂಕಿನಲ್ಲಿ ಈ ವಾರ ಅದು 0.40 ಇದೆ ಅನ್ನಿ. ಹಿಂದಿನ ವರ್ಷಗಳಲ್ಲಿ ಇದೇ ವಾರದ ಅತಿ ಕೆಟ್ಟ ಅಂಕಿ 0.25, ಅತಿ ಒಳ್ಳೆಯದು 0.60. ಆ ಅಂತರದಲ್ಲಿ ಈಗಿನದು ಎಲ್ಲಿದೆ? ಕೆಳಗಿನಿಂದ ಸುಮಾರು ಶೇ. 43ರಲ್ಲಿ. ಇದೇ ವಿಸಿಐ. 60 ದಾಟಿದರೆ ಚೆನ್ನಾಗಿದೆ, 40ರಿಂದ 60 ಪರವಾಗಿಲ್ಲ, 40ಕ್ಕಿಂತ ಕೆಳಗೆ ಬೆಳೆ ಬಡವಾಗಿದೆ ಎಂದು ಲೆಕ್ಕ.

ಇಡೀ ರಾಜ್ಯವನ್ನು ಒಂದೇ ಸಲ, ಒಂದೇ ಕಣ್ಣಿನಿಂದ ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಯಾರ ಶಿಫಾರಸೂ ಅದಕ್ಕೆ ತಾಗುವುದಿಲ್ಲ. ಆದರೆ ಅದು ನೋಡುವುದು ಹಸಿರನ್ನು, ಕಾಳನ್ನಲ್ಲ.

2023ರಲ್ಲಿ ಇದು ನಮ್ಮ ಕಣ್ಣ ಮುಂದೆಯೇ ನಡೆಯಿತು. ಬೆಳೆ ಹಸಿರಾಗಿದೆ, ಇಳುವರಿ ಮಾತ್ರ ಇಲ್ಲ. ಹಸಿರು ಬರ ಎಂಬ ಮಾತು ಆಗ ಮನೆಮಾತಾಯಿತು. ರಾಜ್ಯ ಸರ್ಕಾರ ಇದನ್ನು ಕೇಂದ್ರದ ಅಧ್ಯಯನ ತಂಡದ ಮುಂದೆಯೂ ಇಟ್ಟಿತು. ಶೇಂಗಾ ಬಳ್ಳಿ ದಟ್ಟವಾಗಿ ಹರಡಿರುತ್ತದೆ, ಕಿತ್ತು ನೋಡಿದರೆ ಬುಡದಲ್ಲಿ ಕಾಯಿ ಇಲ್ಲ. ಹೂವು ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ನೆಲ ಗಟ್ಟಿಯಾಗಿದ್ದರೆ ಆಗುವುದು ಹೀಗೇ. ರಾಗಿಯೂ ಅಷ್ಟೇ. ತಡವಾಗಿ ಬಂದ ಮಳೆಗೆ ಪೈರು ಹಸಿರಾಗುತ್ತದೆ, ತೆನೆ ಜೊಳ್ಳು. ಸಾಲದ್ದಕ್ಕೆ ಬಯಲುಸೀಮೆಯ ಬೀಳು ನೆಲದಲ್ಲೆಲ್ಲ ಬಳ್ಳಾರಿ ಜಾಲಿ ಹಬ್ಬಿದೆ. ಎಂಥ ಬರದಲ್ಲೂ ಅದರ ಎಲೆ ಬಾಡುವುದಿಲ್ಲ. ಬೀಳು ನೆಲ ಬೇರೆ, ಬೆಳೆ ಬೇರೆ ಎಂದು ಗುರುತು ಹಾಕದೆ ನೋಡಿದರೆ ಮೇಲಿನಿಂದ ಅದೂ ಹಸಿರೇ.

ಆದ್ದರಿಂದ ವಿಸಿಐ ಕೆಟ್ಟದಾಗಿದೆ ಅಂದರೆ ನಂಬಿ. ಚೆನ್ನಾಗಿದೆ ಅಂದರೆ ಹೊಲಕ್ಕಿಳಿದು ಒಂದು ಗಿಡ ಕಿತ್ತು ನೋಡಿ. ಉಪಗ್ರಹವೊಂದನ್ನೇ ನಂಬಿ ರೈತನಿಗೆ "ನಿನಗೆ ನಷ್ಟವಾಗಿಲ್ಲ" ಎನ್ನುವುದು ಅನ್ಯಾಯ.

ಡ್ಯಾಂ ಮಟ್ಟ ಮತ್ತು ಬೋರ್‌ವೆಲ್ ಮಟ್ಟ

ನೀರಾವರಿ ಪ್ರದೇಶದವರು ತಮ್ಮ ಊರಿನ ಮಳೆ ನೋಡಿ ಬರ ಅಳೆಯುವಂತಿಲ್ಲ. ಮಂಡ್ಯದ ಭತ್ತದ ಹಣೆಬರಹ ಬರೆಯುವುದು ಕೊಡಗಿನ ಮಳೆ. ಕೊಪ್ಪಳ, ರಾಯಚೂರು, ಬಳ್ಳಾರಿಯವರ ತುಂಗಭದ್ರಾ ತುಂಬುವುದು ಮಲೆನಾಡಿನಿಂದ. ಆಲಮಟ್ಟಿಗೆ ನೀರು ಬರುವುದು ಬಹುಪಾಲು ಮಹಾರಾಷ್ಟ್ರದ ಘಟ್ಟದಿಂದ.

ಡ್ಯಾಂ ಮಟ್ಟ ಓದುವಾಗ ಅಡಿ ಬಿಟ್ಟು ಟಿಎಂಸಿ, ಅಂದರೆ ನೀರಿನ ಪ್ರಮಾಣ ನೋಡಿ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಆಗ ನೀರು 49.45 ಟಿಎಂಸಿ. ಮಟ್ಟ 100 ಅಡಿಗೆ ಇಳಿದರೆ ಐದರಲ್ಲಿ ನಾಲ್ಕು ಪಾಲು ಉಳಿದಿದೆ ಅನ್ನಿಸುತ್ತದೆ. ನಿಜವಾಗಿ ಉಳಿದಿರುವುದು ಅರ್ಧಕ್ಕಿಂತ ಕಮ್ಮಿ. ಡ್ಯಾಂ ಮೇಲೆ ಅಗಲ, ಕೆಳಗೆ ಕಿರಿದು. ಅದರಲ್ಲೂ ತಳದ ಒಂದು ಪಾಲು ನೀರು ಬಳಕೆಗೆ ಸಿಗುವುದಿಲ್ಲ. ಇಂದಿನ ಮಟ್ಟವನ್ನು ಕಳೆದ ವರ್ಷದ ಜೊತೆ ಮಾತ್ರ ಹೋಲಿಸಬೇಡಿ, ಕಳೆದ ವರ್ಷವೇ ಕೆಟ್ಟದಿರಬಹುದು. ಹತ್ತು ವರ್ಷದ ಇದೇ ದಿನದ ಸರಾಸರಿ ಜೊತೆ ಹೋಲಿಸಿ.

ಅಂತರ್ಜಲದ ಕಥೆ ಬೇರೆ. ಅದು ತಡವಾಗಿ ಬರುತ್ತದೆ, ತಡವಾಗಿ ಹೋಗುತ್ತದೆ. ಈ ವರ್ಷದ ಮಳೆ ಕೊರತೆ ಬೋರ್‌ವೆಲ್‌ನಲ್ಲಿ ಕಾಣುವುದು ಮುಂದಿನ ಬೇಸಿಗೆಗೆ. ಮುಂದಿನ ವರ್ಷ ಒಳ್ಳೆ ಮಳೆಯಾದರೂ ನೀರು ಮೇಲೇಳಲು ಇನ್ನೊಂದು ವರ್ಷ ಬೇಕಾಗಬಹುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900ರಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕಾವೇರಿ ನಲ್ಲಿ ಇದ್ದ ಬಡಾವಣೆಗಳಲ್ಲಿ ಅಷ್ಟು ಕಷ್ಟವಿರಲಿಲ್ಲ. ಬೋರ್‌ವೆಲ್, ಟ್ಯಾಂಕರ್ ನಂಬಿದ ಹೊರವಲಯದಲ್ಲಿ ಹಾಹಾಕಾರ. ಒಂದೇ ನಗರ, ಒಂದೇ ಮಳೆ, ಆದರೆ ನೀರಿನ ಮೂಲ ಬೇರೆಯಾದ್ದರಿಂದ ಬರವೂ ಬೇರೆ.

ಅಂತರ್ಜಲವನ್ನು ಉಪಗ್ರಹದಿಂದಲೂ ಅಳೆಯುತ್ತಾರೆ. ಗ್ರೇಸ್ ಎಂಬ ಜೋಡಿ ಉಪಗ್ರಹಗಳು 2002ರಿಂದ ಭೂಮಿಯ ಗುರುತ್ವದ ಸಣ್ಣ ಏರಿಳಿತ ನೋಡಿ ಈ ಕೆಲಸ ಮಾಡಿದವು, 2018ರಿಂದ ಅದರ ಮುಂದಿನ ಜೋಡಿ ಮಾಡುತ್ತಿದೆ. ದಖ್ಖನ್ನಿನಷ್ಟು ದೊಡ್ಡ ಪ್ರದೇಶಕ್ಕೆ ಅದು ಸರಿ. ತಾಲೂಕಿಗೆ ಉಪಯೋಗವಿಲ್ಲ. ನಮ್ಮದು ಗಟ್ಟಿ ಬಂಡೆಯ ನೆಲ. ನೀರಿರುವುದು ಬಂಡೆಯ ಬಿರುಕಿನಲ್ಲಿ. ನಿಮ್ಮ ಬೋರ್‌ನಲ್ಲಿ ಮೂರು ಇಂಚು ನೀರು, ನೂರು ಹೆಜ್ಜೆ ಆಚೆಯ ಪಕ್ಕದವರ ಬೋರ್‌ನಲ್ಲಿ ಬರೀ ಧೂಳು. ಹಾಗಾಗಿ ಇಲ್ಲಿ ಸ್ವಂತ ಅಳತೆಗೆ ಸಮನಾದದ್ದು ಇಲ್ಲ.

ಅಳೆಯುವುದು ಸುಲಭ. ಬೆಳಗ್ಗೆ ಮೋಟಾರ್ ಹಾಕುವ ಮೊದಲು, ರಾತ್ರಿಯಿಡೀ ನೀರು ನಿಂತಿರುವಾಗ ಮಟ್ಟ ನೋಡಬೇಕು. ಕೇಸಿಂಗ್‌ನಲ್ಲಿ ಜಾಗ ಇದ್ದರೆ ತೂಕ ಕಟ್ಟಿದ ಹಗ್ಗ ಇಳಿಸಿ, ನೆನೆದ ಜಾಗದವರೆಗೆ ಅಳೆಯಿರಿ. ಕೇಬಲ್, ಪೈಪಿಗೆ ಸಿಕ್ಕಿಕೊಳ್ಳುವ ಹಾಗಿದ್ದರೆ ಇನ್ನೊಂದು ದಾರಿ. 200 ಲೀಟರ್ ಡ್ರಮ್ ತುಂಬಲು ಎಷ್ಟು ಹೊತ್ತು ಬೇಕು ಎಂದು ಮೊಬೈಲ್‌ನಲ್ಲಿ ನೋಡಿ. ಮೋಟಾರ್ ಹಾಕಿದ ಕೂಡಲೇ ಒಮ್ಮೆ, ಒಂದು ಗಂಟೆ ಓಡಿದ ಮೇಲೆ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಾ ಹೋದರೆ ಬೋರ್ ದಣಿಯುತ್ತಿದೆ. ಮೇ ತಿಂಗಳ ಅಳತೆಯನ್ನು ಮೇ ಜೊತೆ, ನವೆಂಬರ್‌ನದನ್ನು ನವೆಂಬರ್ ಜೊತೆ ಹೋಲಿಸಿ.

ಕೋಲಾರ ಭಾಗದವರು ಒಂದು ವಿಷಯ ಗಮನಿಸಬೇಕು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆಸಿ ವ್ಯಾಲಿ ಯೋಜನೆಯಲ್ಲಿ ಅಲ್ಲಿನ ಕೆರೆಗಳಿಗೆ ಬರುತ್ತಿದೆ. ಆ ಕೆರೆಗಳ ಸುತ್ತಲಿನ ಬೋರ್ ಮಟ್ಟ ಮಳೆ ಇಲ್ಲದಿದ್ದರೂ ಏರಬಹುದು. ಅಲ್ಲಿ ಬೋರ್ ನೋಡಿ ಬರ ಇಲ್ಲ ಅನ್ನುವಂತಿಲ್ಲ.

ಅಂಕಿ ಸಿಗದ ಬರ

ಗುಳೆ ಹೋದವರ ಲೆಕ್ಕ ಯಾವ ಸೂಚ್ಯಂಕದಲ್ಲೂ ಇಲ್ಲ. ಯಾದಗಿರಿ, ಕಲಬುರಗಿ, ರಾಯಚೂರಿನ ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಜನ ಹೊರಟರು ಅಂದರೆ ಬರ ಮನೆಯೊಳಗೆ ಬಂದಿದೆ. ಇದನ್ನು ತಿಳಿಯಲು ಸಂತೆ ನೋಡಿ. ದನ ಮಾರುವವರು ಏಕಾಏಕಿ ಜಾಸ್ತಿಯಾಗಿ, ದನದ ಬೆಲೆ ಬಿದ್ದು, ಮೇವಿನ ಬೆಲೆ ಏರಿದ್ದರೆ ಅದು ಗಟ್ಟಿ ಸೂಚನೆ. ಶಾಲೆಯ ಹಾಜರಿ ಪುಸ್ತಕ ಇನ್ನೊಂದು. ಇವು ತಡವಾಗಿ ಬರುವ ಸೂಚನೆಗಳು, ಆದರೆ ಇವುಗಳಲ್ಲಿ ಸುಳ್ಳು ಕಮ್ಮಿ.

ಸರ್ಕಾರಿ ಘೋಷಣೆ ಯಾವ ಅಳತೆ?

ಸರ್ಕಾರದ ಬರ ಘೋಷಣೆ ಎನ್ನುವುದು ಮೇಲೆ ಹೇಳಿದ ಹಲವು ಅಳತೆಗಳ ಕಲಬೆರಕೆ. ಮೊದಲು ಮಳೆ ಕೊರತೆ ಮತ್ತು ಡ್ರೈ ಸ್ಪೆಲ್. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದ ಹಸಿರು, ಮಣ್ಣಿನ ತೇವ, ಡ್ಯಾಂ ಮತ್ತು ಅಂತರ್ಜಲ. ಕೊನೆಗೆ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೇ ಹೋಗಿ ಪರಿಶೀಲನೆ. ತೀವ್ರ ಬರ ಎಂದು ಸಾಬೀತಾದರೆ ಮಾತ್ರ ರಾಷ್ಟ್ರೀಯ ವಿಪತ್ತು ನಿಧಿಯ ನೆರವು ಕೇಳಬಹುದು.

2023ರ ಸೆಪ್ಟೆಂಬರ್ 13ರಂದು ರಾಜ್ಯ 195 ತಾಲೂಕುಗಳ ಪಟ್ಟಿ ಹೊರಡಿಸಿತು. ನವೆಂಬರ್ ಹೊತ್ತಿಗೆ ಅದು 236ರಲ್ಲಿ 223 ತಾಲೂಕಿಗೆ ಏರಿತು, 196 ತೀವ್ರ. ಕೇಂದ್ರಕ್ಕೆ ಕೇಳಿದ್ದು 18,171 ಕೋಟಿ ರೂಪಾಯಿ. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಸುಮಾರು 3,454 ಕೋಟಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ. ಆಗಸ್ಟ್‌ನಲ್ಲಿ ಒಣಗಿದ ಬೆಳೆಗೆ ಪರಿಹಾರ ಎಂಟು ತಿಂಗಳ ಮೇಲೆ. ಹಾಗಾಗಿ ಘೋಷಣೆಯನ್ನು ಹಕ್ಕು ಕೇಳಲು ಬಳಸಿ. ಬೇಸಾಯದ ತೀರ್ಮಾನಕ್ಕೆ ಅದನ್ನು ಕಾಯಬೇಡಿ.

ಆ ಸಲದ ಪರಿಹಾರದ ನಿಯಮ ಹೀಗಿತ್ತು: ಶೇ. 33 ಅಥವಾ ಜಾಸ್ತಿ ಬೆಳೆ ಹಾನಿಯಾಗಿರಬೇಕು. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಎರಡು ಹೆಕ್ಟೇರಿನವರೆಗೆ. ದುಡ್ಡು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಮಾಹಿತಿ ಮೇಲೆ ನೇರ ಖಾತೆಗೆ ಬಂತು. ನೋಂದಣಿ ಇಲ್ಲದಿದ್ದರೆ, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ರಾಗಿ ಬೇರೆ ಬೆಳೆಯಾಗಿ ದಾಖಲಾಗಿದ್ದರೆ ಎಂಥ ಬರವಿದ್ದರೂ ನಿಮಗೆ ಸಿಗುವುದು ಕಷ್ಟ. ಬೆಳೆ ವಿಮೆಯದು ಇನ್ನೊಂದು ಲೆಕ್ಕ. ರಾಗಿ, ಜೋಳದಂಥ ಬೆಳೆಗೆ ಅಲ್ಲಿ ಬೆಳೆ ಕಟಾವು ಪ್ರಯೋಗದ ಇಳುವರಿ ಮುಖ್ಯ. ಅಡಿಕೆಯಂಥದ್ದಕ್ಕೆ ಇರುವ ಹವಾಮಾನ ಆಧಾರಿತ ವಿಮೆಯಲ್ಲಿ ಮಳೆಮಾಪಕದ ಅಂಕಿ ಮುಖ್ಯ. ತಾಲೂಕು ಬರಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ವಿಮೆ ಬರುವುದಿಲ್ಲ.

ನಿಮಗೆ ಯಾವುದು?

ಮಳೆ ನಂಬಿ ಬಿತ್ತುವವರು ಒಣ ವಾರ ಎಣಿಸಿ, ಗುಂಡಿ ತೋಡಿ ತೇವ ನೋಡಿ. ಬೇರೆ ಅಂಕಿ ನೋಡದಿದ್ದರೂ ನಡೆಯುತ್ತದೆ. ಎರಡನೇ ಒಣ ವಾರಕ್ಕೇ ಮೇಲುಗೊಬ್ಬರ ತಡೆಹಿಡಿಯಿರಿ, ಎಡೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಿ ಇರುವ ತೇವ ಉಳಿಸಿ. ಮೂರು ವಾರ ದಾಟಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಬದಲಿ ಬೆಳೆ ಕೇಳಿ.

ಬೋರ್‌ವೆಲ್ ತೋಟದವರಿಗೆ ನವೆಂಬರ್ ಮಟ್ಟವೇ ದಾರಿದೀಪ. ಅದು ಹಿಂದಿನ ನವೆಂಬರ್‌ಗಿಂತ ಕೆಳಗಿದ್ದರೆ ಬೇಸಿಗೆ ಬೆಳೆಯ ಆಸೆ ಬಿಟ್ಟು ಇರುವ ಮರ ಉಳಿಸಿಕೊಳ್ಳಿ. ಹೊಸ ಬೋರ್ ಕೊರೆಸುವ ಸಾಲಕ್ಕೆ ಕೈ ಹಾಕುವ ಮುಂಚೆ ಪಕ್ಕದ ನಾಲ್ಕು ಬೋರ್‌ಗಳ ಮಟ್ಟವನ್ನೂ ಬರೆದುಕೊಳ್ಳಿ. ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದರೆ ಇನ್ನೂ ಆಳಕ್ಕೆ ಹೋಗಿ ಗೆದ್ದವರು ಕಮ್ಮಿ.

ನಾಲೆ ನೀರಿನವರು ಆಗಸ್ಟ್ ಕೊನೆಯ ಟಿಎಂಸಿಯನ್ನು ಹತ್ತು ವರ್ಷದ ಸರಾಸರಿ ಜೊತೆ ನೋಡಿ ಭತ್ತವೋ ರಾಗಿಯೋ ತೀರ್ಮಾನಿಸಬಹುದು. ವರದಿ ಮಾಡುವವರು, ಓದುವ ಮಕ್ಕಳು, ಜಿಲ್ಲೆ ಜಿಲ್ಲೆ ಹೋಲಿಸಬೇಕಾದವರು ಎಸ್‌ಪಿಐ ಹಿಡಿಯಿರಿ, ತಿಂಗಳ ಅವಧಿ ಬರೆಯುವುದನ್ನು ಮರೆಯಬೇಡಿ.

ಗ್ರಾಮ ಪಂಚಾಯಿತಿ ಸದಸ್ಯರಿಗೆ ಮಳೆ ಶೇಕಡಾ ಲೆಕ್ಕದಿಂದ ಏನೂ ಆಗಬೇಕಿಲ್ಲ. ನವೆಂಬರ್‌ನಲ್ಲೇ ಊರಿನ ಕುಡಿಯುವ ನೀರಿನ ಪ್ರತಿ ಬೋರ್‌ನ ಮಟ್ಟ ಮತ್ತು ಡ್ರಮ್ ತುಂಬುವ ಹೊತ್ತು ಬರೆಸಿ. ಯಾವುದು ಫೆಬ್ರವರಿಗೆ ನಿಲ್ಲುತ್ತದೆ, ಯಾವುದು ಏಪ್ರಿಲ್ ದಾಟುತ್ತದೆ ಎನ್ನುವ ಅಂದಾಜು ಆಗಲೇ ಸಿಗುತ್ತದೆ. ಆ ಪಟ್ಟಿ ಡಿಸೆಂಬರ್ ಸಭೆಯ ಮುಂದೆ ಬಂದರೆ ಖಾಸಗಿ ಬೋರ್ ಬಾಡಿಗೆಗೆ ಮಾತಾಡಲು, ಟ್ಯಾಂಕರ್ ದರ ಗೊತ್ತು ಮಾಡಲು, ಮೇವು ಹೊಂದಿಸಲು ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತವೆ.